ಲಾಂಡ್ರಿ ಅಕ್ಕ ತೊಳೆದ ಅಂಗಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಇಪ್ಪತ್ತೆರಡು ವರ್ಷ ಕೋರ್ಟಿನ ಕಾಂಪೌಂಡಿಗೆ ಒತ್ತಿಕೊಂಡು ಮೇಜು ಹಾಕಿ, ಊರಿನವರ ಅರ್ಜಿಗಳನ್ನೆಲ್ಲ ಟೈಪ್ ಮಾಡಿದವಳಿಗೆ ಕೋಪ ಬರದೆ ಇನ್ನೇನು ಬರುತ್ತದೆ? ಗೋಡೆ ಜಗಳ, ಗಂಡಹೆಂಡಿರ ಜಗಳ, ನಿಂತುಹೋದ ಪಿಂಚಣಿ, ತಪ್ಪು ಬಿದ್ದ ಹುಟ್ಟಿದ ತಾರೀಖು, ಎಲ್ಲವನ್ನೂ ‘ಮಾನ್ಯರೇ’ ಎಂದು ಶುರು ಮಾಡಿ ‘ತಮ್ಮ ವಿಧೇಯ’ ಎಂದು ಮುಗಿಸಿದ್ದೇನೆ. ಒಳಗೆ ಹೋದ ಕಾಗದ ಏನಾಯಿತು ಎಂದು ಕೇಳುವ ಚಟವನ್ನು ಯಾವತ್ತೋ ಬಿಟ್ಟೆ. ಲಾಂಡ್ರಿ ಅಕ್ಕನ ವಿಷಯದಲ್ಲಿ ಮಾತ್ರ ಬಿಡಲಾಗಲಿಲ್ಲ. ಐದು ವರ್ಷದಲ್ಲಿ ಹತ್ತೊಂಬತ್ತು ಅರ್ಜಿ. ಎಲ್ಲದರಲ್ಲೂ ಕೇಳಿದ್ದು ಒಂದೇ ಮಾತು: ನನ್ನ ಮೊಮ್ಮಗಳನ್ನು ಕರೆದುಕೊಂಡು ಹೋದವನ ಮೇಲೆ ಆರೋಪ ಹೊರಿಸಿ.

ಅಕ್ಕನ ಅಂಗಡಿ ಕೋರ್ಟಿನ ಹಿಂದಿನ ರಸ್ತೆಯಲ್ಲಿದೆ. ಮುಂದೆ ಇಸ್ತ್ರಿ ಮೇಜು, ಹಿಂದೆ ಎರಡು ಸಿಮೆಂಟಿನ ತೊಟ್ಟಿ, ನಡುವೆ ತಂತಿಗಳ ಮೇಲೆ ನೇತಾಡುವ ಬಟ್ಟೆ. ಒಳಗೆ ಹೋಗಬೇಕಾದರೆ ಯಾರದೋ ಪ್ಯಾಂಟಿನ ಕಾಲುಗಳನ್ನು ಸರಿಸಿಕೊಂಡು ಹೋಗಬೇಕು. ಗಂಡ ಶುರು ಮಾಡಿದ ಅಂಗಡಿ. ಅವನು ತೀರಿಕೊಂಡಾಗ ಅಕ್ಕನಿಗೆ ಮೂವತ್ತೊಂದು, ಕಂಕುಳಲ್ಲಿ ಒಬ್ಬಳೇ ಮಗಳು. ‘ನಿನ್ನ ಕೈಲಿ ಆಗಲ್ಲ, ಮಾರಿಬಿಡು’ ಎಂದು ಬುದ್ಧಿ ಹೇಳಿದ ಮೈದುನನ ಮುಂದೆಯೇ ಅಂಗಡಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳಂತೆ. ಈಗ ಅವಳಿಗೆ ಅರವತ್ತೆಂಟು. ಬೀಗದ ಕೈ ಇನ್ನೂ ಸೊಂಟದಲ್ಲೇ ಇದೆ.

ಅವಳ ಹೆಚ್ಚುಗಾರಿಕೆ ಇದ್ದದ್ದು ಕಲೆ ತೆಗೆಯುವುದರಲ್ಲಿ. ಎಂಥ ಹಠಮಾರಿ ಕಲೆಯಾದರೂ ಅವಳ ಕೈಗೆ ಬಂದರೆ ಸೋಲಲೇಬೇಕು. ಬಟ್ಟೆ ಹರವಿ ಒಮ್ಮೆ ಮೂಸಿ, ಒಮ್ಮೆ ಉಗುರಲ್ಲಿ ಕೆರೆದು, ಇದು ತುಕ್ಕು, ಇದು ಹಣ್ಣಿನ ರಸ, ಇದು ಗ್ರೀಸು ಎಂದು ಹೇಳಿಬಿಡುತ್ತಿದ್ದಳು. ಒಬ್ಬ ಹಿರಿಯ ವಕೀಲರ ಕೋಟು ಹಿಡಿದುಕೊಂಡು, “ಈ ಭುಜದ್ದು ಮೊಮ್ಮಗುವಿನ ಹಾಲು. ಆ ಭುಜದ್ದು ಏನು ಅಂತ ನಾನು ಕೇಳಲ್ಲ, ನೀವೂ ಹೇಳ್ಬೇಡಿ” ಅಂದಿದ್ದಳು. ಅವರು ಆಮೇಲೆ ಎರಡು ತಿಂಗಳು ಜವಾನನ ಕೈಲಿ ಬಟ್ಟೆ ಕಳಿಸುತ್ತಿದ್ದರು.

ಕೆಲಸಕ್ಕೆ ಅವಳದೇ ಒಂದು ಕ್ರಮವಿತ್ತು. ಬಟ್ಟೆ ನೀರಿಗೆ ಬಿದ್ದರೆ ಕಲೆ ಎಲ್ಲಿತ್ತೆಂದು ಕಾಣುವುದಿಲ್ಲ. ಅದಕ್ಕೆ ತೊಟ್ಟಿಗೆ ಹಾಕುವ ಮುಂಚೆಯೇ ಕಲೆಯ ಸುತ್ತ ಕೆಂಪು ನೂಲಿನಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ ಗುರುತು ಮಾಡುತ್ತಿದ್ದಳು. ಕಲೆ ಪೂರ್ತಿ ಹೋದ ಮೇಲೆ ನೂಲು ಕಿತ್ತು ಬಿಸಾಡುವುದು. “ಕಲೆ ಇತ್ತು ಅನ್ನೋದು ಗಿರಾಕಿಗೂ ಮರ್ತು ಹೋಗ್ಬೇಕು. ಅದು ಕೆಲಸ” ಅನ್ನುತ್ತಿದ್ದಳು. ಎಷ್ಟು ಹೆಮ್ಮೆಯಿತ್ತು ಆ ಮಾತಿನಲ್ಲಿ! ಈಗ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೊಮ್ಮಗಳನ್ನು ರಸ್ತೆಯವರೆಲ್ಲ ‘ಬಟನ್’ ಎಂದೇ ಕರೆಯುತ್ತಿದ್ದರು. ಏಳು ವರ್ಷ. ಅಪ್ಪ ಅನ್ನಿಸಿಕೊಂಡವನು ಅವಳಿಗೆ ಎರಡು ತುಂಬುವ ಮೊದಲೇ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಹಾಗಾಗಿ ಮಗು ಬೆಳೆದದ್ದು ಅಜ್ಜಿಯ ಇಸ್ತ್ರಿ ಮೇಜಿನ ಕೆಳಗೆ, ತೊಳೆಯುವಾಗ ಕಿತ್ತುಬಂದ ಬಟನ್‌ಗಳ ಡಬ್ಬಿ ಇಟ್ಟುಕೊಂಡು. ಬಣ್ಣ, ತೂತು, ಅಳತೆ ನೋಡಿ ಜೋಡಿಸುವುದು ಅವಳ ಆಟ. ಗಿರಾಕಿ ಬಂದರೆ ಕೆಳಗಿನಿಂದಲೇ ದಬಾಯಿಸುತ್ತಿದ್ದಳು: “ಅಂಕಲ್, ನಿಮ್ ಕೋಟಲ್ಲಿ ಒಂದು ಕಮ್ಮಿ ಇದೆ. ಎಲ್ಲಿ ಬೀಳಿಸಿದ್ರಿ?” ನನ್ನ ಮೇಜಿಗೂ ಬರುತ್ತಿದ್ದಳು. ಒಂದು ಸಲ ನಾನು ನೀರು ಕುಡಿಯಲು ಎದ್ದಾಗ ಯಾರದೋ ಪಿಂಚಣಿ ಅರ್ಜಿಯ ನಟ್ಟನಡುವೆ ಒಂದು ಸಾಲು ತುಂಬ ‘ಬಬಬಬಬ’ ಎಂದು ಒತ್ತಿಟ್ಟಿದ್ದಳು. ನಾನು ನೋಡದೆ ಕೊಟ್ಟೆ, ಆಫೀಸಿನವರು ನೋಡದೆ ಸೀಲು ಹಾಕಿದರು. ಆ ಪಿಂಚಣಿ ಮಂಜೂರಾಯಿತು, ನೋಡಿ!

ಅವಳು ಕಾಣೆಯಾದದ್ದು ಒಂದು ಬುಧವಾರ.

ಬಾಯಿ ಹುಣ್ಣಾಗಿತ್ತು. ಅವಳಮ್ಮ ಎರಡು ಗಂಟೆಯ ಡ್ಯೂಟಿಗೆ ಹೊರಡುವ ಮುಂಚೆ ತುಟಿಯ ಎರಡೂ ಕೊನೆಗೆ ನೇರಳೆ ಬಣ್ಣದ ಔಷಧ ಬಳಿದು, ಸ್ಕೂಲು ಬೇಡವೆಂದು ಅಂಗಡಿಯಲ್ಲಿ ಬಿಟ್ಟುಹೋದಳು. ಬಾಯಿ ನೋಡಿ ಗಿರಾಕಿಗಳು ನಕ್ಕರು. ಮಗು ಮೂತಿ ಉಬ್ಬಿಸಿಕೊಂಡು ಪಕ್ಕದ ಓಣಿಯ ತಮ್ಮ ಮನೆಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ನಾಲ್ಕು ಗಂಟೆಗೆ ಅಕ್ಕ ಇಣುಕಿದಾಗ ಅಲ್ಲೇ ಇದ್ದಳು. ಐದಕ್ಕೆ ಇಣುಕಿದಾಗ ಇರಲಿಲ್ಲ. ಎದುರುಮನೆ ದರ್ಜಿಯ ಮಕ್ಕಳ ಜೊತೆ ಟೀವಿ ನೋಡಲು ಹೋಗಿರಬೇಕು ಎಂದುಕೊಂಡಳು. ದಿನವೂ ಹೋಗುತ್ತಿದ್ದಳು, ಅದರಲ್ಲಿ ಅನುಮಾನ ಪಡುವಂಥದ್ದೇನಿತ್ತು?

ಅಕ್ಕನವರಿದ್ದ ಮನೆಯ ಮಹಡಿಯಲ್ಲಿ ಬಾಡಿಗೆಗೆ ಒಬ್ಬ ಗಂಡಸು ಇದ್ದ. ಟೈಲ್ಸ್ ಅಂಗಡಿಯ ಮ್ಯಾನೇಜರ್, ಒಂಟಿ, ನಯವಾದ ಮಾತು, ಸದಾ ಬಿಳಿ ಅಂಗಿ. ಆರು ವರ್ಷದಿಂದ ಅಕ್ಕನ ಗಿರಾಕಿ. ಮಗು ಅವನನ್ನು ‘ಮಹಡಿ ಮಾಮ’ ಅನ್ನುತ್ತಿತ್ತು. ಆ ಸಂಜೆ ಆರೂವರೆಗೆ ಅವನು ಒಂದು ಅಂಗಿ, ಒಂದು ಪ್ಯಾಂಟು ತಂದು ಮೇಜಿನ ಮೇಲಿಟ್ಟ.

“ಅಕ್ಕಾ, ನಾಳೆ ಬೆಳಗ್ಗೆಗೆ ಬೇಕೇ ಬೇಕು. ಮೀಟಿಂಗ್ ಇದೆ.”

ಪ್ಯಾಂಟು ಮೊಣಕಾಲಿನವರೆಗೆ ಹಸಿ ಕೆಸರು. ಅಂಗಿಯ ಎಡಭುಜದ ಹೊಲಿಗೆಯಿಂದ ನಾಲ್ಕು ಬೆರಳು ಕೆಳಗೆ, ಅಂಗೈಯಷ್ಟಗಲ ಒರೆಸಿದಂಥ ನೇರಳೆ ಕಲೆ.

“ಇದೇನಪ್ಪಾ ಇದು?”

“ಪೆನ್ ಲೀಕ್ ಆಯ್ತಕ್ಕ.”

“ಜೇಬಿನ ಪೆನ್ನು ಹೆಗಲ ಮೇಲೆ ಹತ್ಕೊಂಡು ಲೀಕ್ ಆಯ್ತಾ?” ಎಂದು ಅಕ್ಕ ನಕ್ಕಳು. ಅವನೂ ನಕ್ಕ. ಅಕ್ಕ ಕೆಂಪು ನೂಲು ಹಾಕಿ ಕೆಲಸಕ್ಕೆ ಕುಳಿತಳು.

ಸುಲಭಕ್ಕೆ ಬಿಡುವ ಕಲೆಯಾಗಿರಲಿಲ್ಲ ಅದು. ಸ್ಪಿರಿಟ್ ಹಚ್ಚಿದಳು, ಹತ್ತಿಯ ತುಂಬ ಬಣ್ಣ ಬಂತು, ಮತ್ತೆ ಹಚ್ಚಿದಳು. ಶಾಯಿಯಾಗಿದ್ದರೆ ಎರಡು ಸಲಕ್ಕೆ ಹೋಗಬೇಕಿತ್ತು. ಇದು ಐದು ಸಲ ತೆಗೆದುಕೊಂಡಿತು. ಆಮೇಲೆ ಬ್ಲೀಚಿನ ನೀರು, ಆಮೇಲೆ ಸೋಪು, ಆಮೇಲೆ ನೀಲಿ. ಕಲೆ ಹಠ ಮಾಡಿದಷ್ಟೂ ಅವಳಿಗೂ ಹಠ. ಒಟ್ಟು ಮುಕ್ಕಾಲು ಗಂಟೆ. ತೊಳೆದ ಪ್ಯಾಂಟಿನ ಪಕ್ಕ ಅಂಗಿ ತಂತಿಗೇರಿತು, ನೂಲು ಕಸದ ಡಬ್ಬಿಗೆ ಹೋಯಿತು. ಆಗಲೇ ದರ್ಜಿಯ ಹೆಂಡತಿ ಅಂಗಡಿಗೆ ಬಂದು, “ಬಟನ್ ಯಾಕೆ ಇವತ್ತು ಟೀವಿಗೆ ಬರ್ಲಿಲ್ಲ?” ಎಂದು ಕೇಳಿದಳು.

ಬೆಳಗಿನವರೆಗೂ ಬೀದಿ ಬೀದಿ ಹುಡುಕಿದೆವು. ಬೆಳಗ್ಗೆ ಎಂಟಕ್ಕೆ ಅವನು ಬಂದ. ಅಕ್ಕ ಅಳುತ್ತಳುತ್ತಲೇ ಅಂಗಿಗೂ ಪ್ಯಾಂಟಿಗೂ ಇಸ್ತ್ರಿ ಹಾಕಿ, ಪೇಪರಿನಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ಯಾರೋ ಕೇಳಿದರು, ಇವತ್ತೂ ಇದೆಲ್ಲ ಬೇಕಿತ್ತಾ ಎಂದು. ಮೂವತ್ತೆರಡು ವರ್ಷದ ಅಭ್ಯಾಸ, ಮಾತು ಕೊಟ್ಟ ಹೊತ್ತಿಗೆ ಬಟ್ಟೆ ಕೊಡದೆ ಇದ್ದವಳಲ್ಲ. ಅವನು, “ಎಲ್ಲೋ ಇರ್ತಾಳಕ್ಕ, ಸಿಗ್ತಾಳೆ” ಎಂದು ಸಮಾಧಾನ ಬೇರೆ ಹೇಳಿ ಹೋದ.

ಮಧ್ಯಾಹ್ನ ಠಾಣೆಯಲ್ಲಿ ದೂರು ಬರೆದುಕೊಡಲು ನಾನೇ ಕುಳಿತಿದ್ದೆ. ಬೆಂಚಿನ ಮೇಲೆ ಅಕ್ಕ, ಪಕ್ಕದಲ್ಲಿ ಅವಳ ಮಗಳು. ಪೊಲೀಸಿನವರು ಮಗುವಿನ ಗುರುತು ಕೇಳಿದರು. ಮಗಳು ಹೇಳುತ್ತಾ ಹೋದಳು: ಹಳದಿ ಫ್ರಾಕು, ಮೊಣಕೈಮೇಲೆ ಹಳೆಯ ಗಾಯ, “ಮತ್ತೆ ಬಾಯಿ ಎರಡೂ ಕಡೆ ನೇರಳೆ ಔಷಧ ಹಚ್ಚಿದ್ದೆ ಸಾರ್, ಒರೆಸಿದ್ರೂ ಹೋಗಲ್ಲ ಅದು.”

ಅಕ್ಕ ನನ್ನ ಕೈ ಹಿಡಿದ ಬಿಗಿ ನನಗಿನ್ನೂ ನೆನಪಿದೆ. ಅವಳು ಎದ್ದು ನಿಂತು ತನ್ನ ಎಡಭುಜವನ್ನು ಮುಟ್ಟಿಕೊಂಡಳು. ಎತ್ತಿಕೊಂಡ ಮಗುವಿನ ಮುಖ ಬರುವುದು ಅಲ್ಲಿಗೇ. ಆಮೇಲೆ ಕೆಳಗೆ ಬಿದ್ದಳು.

ಇಲ್ಲಿಂದ ಮುಂದಿನದನ್ನು ಹೇಳುವಾಗ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಅವತ್ತೇ ಅಕ್ಕ ಎಲ್ಲ ಹೇಳಿದಳು. ಬರೆದುಕೊಳ್ಳುವವನು ಪೆನ್ನು ಕೆಳಗಿಟ್ಟು, “ಕಲೆ ಎಲ್ಲಿದೆ ತೋರ್ಸಿ” ಅಂದ.

“ತೆಗೆದೆ ಸಾರ್.”

“ಯಾಕೆ ತೆಗೆದ್ರಿ?”

“ನನ್ನ ಕೆಲಸ ಸಾರ್ ಅದು.”

“ಇಲ್ಲದಿರೋ ಕಲೇನ ನಾನು ಹೇಗಮ್ಮ ಬರ್ಕೊಳ್ಲಿ?”

ಅವನ ಅಂಗಿಯನ್ನು ತರಿಸಿಕೊಳ್ಳಿ ಎಂದು ಗೋಗರೆದೆವು. ತರಿಸಿಕೊಂಡರು, ಇಪ್ಪತ್ತಾರು ದಿನ ಬಿಟ್ಟು. ಕೋಟೆ ಕೊಳ್ಳೆಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ. ಪ್ಯಾಂಟು ಹರಿದಿತ್ತು, ಎಸೆದೆ ಅಂದ. ಅಂಗಿ ಪರೀಕ್ಷೆಗೆ ಹೋಯಿತು. ಏಳು ತಿಂಗಳ ಮೇಲೆ ವರದಿ ಬಂತು: ‘ವಸ್ತ್ರದ ಮೇಲೆ ಯಾವುದೇ ಬಾಹ್ಯ ಪದಾರ್ಥದ ಕುರುಹು ಕಂಡುಬಂದಿಲ್ಲ.’ ಅದನ್ನು ನಾನೇ ಅವಳಿಗೆ ಓದಿ ಹೇಳಿದೆ. ಅಕ್ಕ ಎರಡು ಸಲ ಓದಿಸಿ, “ಚೆನ್ನಾಗೇ ತೊಳೆದಿದ್ದೀನಿ ಹಾಗಾದ್ರೆ” ಅಂದಳು. ಆ ಮಾತು ಕೇಳಿ ನಾನು ಮೇಜಿಗೆ ತಲೆ ಇಟ್ಟುಕೊಂಡು ಅತ್ತೆ.

ಟೈಲ್ಸ್ ಅಂಗಡಿಯ ಕೆಲಸದವನು ಮೊದಲು, ಮ್ಯಾನೇಜರು ನಾಲ್ಕರಿಂದ ಆರರವರೆಗೆ ಅಳತೆ ತೆಗೆಯಲು ಹೊರಗೆ ಹೋಗಿದ್ದರು ಅಂದ. ಮೂರು ತಿಂಗಳು ಕಳೆದ ಮೇಲೆ ನೆನಪಿಲ್ಲ ಅಂದ. ಊರಾಚೆ ಕಲ್ಲುಕ್ವಾರಿಯ ಹೊಂಡಗಳಿವೆ, ಅವನ ಪ್ಯಾಂಟಿನಲ್ಲಿದ್ದದ್ದು ಅಂಥದೇ ಬೂದು ಕೆಸರು ಎಂದು ಅಕ್ಕ ಹೇಳಿದಳು. ಎರಡು ಹೊಂಡದಲ್ಲಿ ಹುಡುಕಿದರು, ಉಳಿದವು ಆಳ ಎಂದು ಬಿಟ್ಟರು. ಮಹಡಿಯವನು ಅವತ್ತು ಮಗುವನ್ನು ಕಣ್ಣಿನಿಂದಲೂ ನೋಡಿಲ್ಲ ಎಂದು ಬರೆದುಕೊಟ್ಟ. ಆರು ತಿಂಗಳಲ್ಲಿ ಮನೆ ಖಾಲಿ ಮಾಡಿ ಊರಿನ ಇನ್ನೊಂದು ತುದಿಗೆ ಹೋದ. ಇವತ್ತಿಗೂ ಬಿಳಿ ಅಂಗಿಯೇ. ಕೋರ್ಟಿನ ಮುಂದೆ ಸ್ಕೂಟರಿನಲ್ಲಿ ಹಾದುಹೋಗುವುದನ್ನು ನಾನೇ ನೋಡಿದ್ದೇನೆ. ಕೈಗೆ ಸಿಕ್ಕ ಪಂಚಿಂಗ್ ಮೆಷಿನ್ನು ಎಸೆದುಬಿಡಲೇ ಅನ್ನಿಸಿತ್ತು.

ಅಕ್ಕನ ಮಗಳು ಒಂದೇ ಒಂದು ಸಲ ಕೇಳಿದ್ದಳಂತೆ: “ಅಮ್ಮಾ, ಅಷ್ಟು ಚೆನ್ನಾಗಿ ಯಾಕೆ ತೊಳೆದೆ?” ಆಮೇಲೆ ತಾಯಿಮಗಳು ಒಂದೇ ಮನೆಯಲ್ಲಿದ್ದೂ ಬೇಕಾದಷ್ಟೇ ಮಾತು. ಊಟ ಆಯ್ತಾ, ಗ್ಯಾಸ್ ಬಂತಾ, ಅಷ್ಟೇ. ಅಕ್ಕ ಬೇರೆಲ್ಲ ಬಟ್ಟೆ ಮೊದಲಿನಂತೆಯೇ ತೊಳೆದಳು. ಆದರೆ ನೇರಳೆ ಕಲೆ ಯಾರು ತಂದರೂ, ಶಾಯಿಯೇ ಆಗಿರಲಿ, ಆಗಲ್ಲ ಎಂದು ಹಿಂದಕ್ಕೆ ತಳ್ಳಿಬಿಡುತ್ತಿದ್ದಳು.

ಅರ್ಜಿಗಳ ಪಾಡು ಕೇಳಿ. ಒಂದು ಅರ್ಜಿ ಅಂಚು ಬಿಟ್ಟಿಲ್ಲವೆಂದು ವಾಪಸ್ ಬಂತು. ಒಂದು, ಮೂರು ಪ್ರತಿ ಬೇಕಿತ್ತು, ಎರಡೇ ಇದೆ ಎಂದು. ಒಂದು ತಪ್ಪು ಇಲಾಖೆಗೆ ಹೋಗಿ ಅಲ್ಲಿಂದ ‘ಕಾಣೆಯಾದ ಜಾನುವಾರು’ ವಿಭಾಗದ ಸೀಲು ಹಾಕಿಸಿಕೊಂಡು ಬಂತು. ಆವತ್ತು ನಾನು ಆ ಗುಮಾಸ್ತನ ಜೊತೆ ಆಡಿದ ಜಗಳಕ್ಕೆ ನನ್ನ ಮೇಜನ್ನೇ ಎತ್ತಿಸುತ್ತೇನೆಂದು ಅವನು ಹೆದರಿಸಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಅನ್ನುತ್ತಾರೆ. ಇಲ್ಲಿ ದೇವರೂ ಕೊಡಲಿಲ್ಲ. ಮೊದಲನೆಯ ಸರ್ಕಾರಿ ವಕೀಲರು, “ಮಗು ಸಿಗ್ಲಿ, ಅಥವಾ ಮಗುವಿನ ದೇಹ ಸಿಗ್ಲಿ, ಆಮೇಲೆ ಬನ್ನಿ” ಅಂದರು. ಎರಡನೆಯವರು ಫೈಲು ಬಿಚ್ಚಲೇ ಇಲ್ಲ, ವರ್ಗವಾಗಿ ಹೋದರು.

ಐದನೆಯ ವರ್ಷ ಠಾಣೆಯಿಂದ ಒಂದು ನೋಟಿಸು ಬಂತು. ಪ್ರಕರಣದಲ್ಲಿ ಸಾಕಷ್ಟು ಸಾಕ್ಷ್ಯ ದೊರೆಯದ ಕಾರಣ ‘ಪತ್ತೆಯಾಗದ್ದು’ ಎಂದು ಫೈಲು ಮುಚ್ಚಲಾಗುವುದು, ಆಕ್ಷೇಪವಿದ್ದರೆ ಮೂವತ್ತು ದಿನದೊಳಗೆ ತಿಳಿಸಿ. ಮುಚ್ಚಿದ ಮೇಲೆ ಮುಗಿಯಿತು. ಅವನ ಹೆಸರನ್ನು ಮತ್ತೆ ಯಾರೂ ಕೇಳುವುದಿಲ್ಲ, ಮಗುವಿನ ಹೆಸರನ್ನೂ ಕೇಳುವುದಿಲ್ಲ.

ಇಬ್ಬರೂ ಮೂರನೆಯ ಸರ್ಕಾರಿ ವಕೀಲರ ಹತ್ತಿರ ಹೋದೆವು. ಇವರು ಹೊಸಬರು, ಐವತ್ತರ ಹತ್ತಿರದವರು, ಕನ್ನಡಕದ ಒಂದು ಕಡ್ಡಿಗೆ ಟೇಪು ಸುತ್ತಿದ್ದರು. ಅಕ್ಕನನ್ನು ಕೂರಿಸಿದರು, ನೀರು ಕೊಟ್ಟರು, ಫೈಲನ್ನು ಮೊದಲ ಹಾಳೆಯಿಂದ ಓದಿಯೂ ಇದ್ದರು. ಕೆಟ್ಟವರಾಗಿದ್ದರೆ ಬೈದಾದರೂ ಬರಬಹುದಿತ್ತು.

“ಅಮ್ಮಾ, ನಿಮ್ಮ ಮಾತು ನಾನು ನಂಬ್ತೀನಿ” ಅಂದರು. “ಆದ್ರೆ ನನ್ನ ನಂಬಿಕೆಯಿಂದ ಆರೋಪ ಹಾಕೋಕಾಗಲ್ಲ. ದೇಹ ಇಲ್ಲ. ನೋಡಿದವರಿಲ್ಲ. ಅಂಗಿ ಶುಭ್ರವಾಗಿದೆ.”

“ಕಲೆ ನಾನು ನೋಡಿದ್ದೀನಲ್ಲ ಸಾರ್. ಕೈಯಾರೆ ಉಜ್ಜಿದ್ದೀನಲ್ಲ.”

“ಅಲ್ಲೇ ಇರೋದು ಕಷ್ಟ. ನಿಮ್ಮನ್ನ ಕಟಕಟೇಲಿ ನಿಲ್ಸಿದ್ರೆ ಅವನ ವಕೀಲರು ಮೊದಲನೇ ಪ್ರಶ್ನೆ ಏನು ಕೇಳ್ತಾರೆ ಗೊತ್ತಾ? ಕಲೆ ಇತ್ತು ಅಂತೀರಲ್ಲ, ತೆಗೆದವರು ಯಾರು ಅಂತ. ಈ ಇಡೀ ಫೈಲಲ್ಲಿ ಸಾಕ್ಷ್ಯ ನಾಶ ಮಾಡಿದವರು ಅಂತ ಕಾನೂನಿಗೆ ಸಿಗೋದು ಒಬ್ಬರೇ ಅಮ್ಮ. ಅದು ನೀವು.”

ನಾನು ಕುರ್ಚಿ ಬಿಟ್ಟೆದ್ದೆ. “ಏನ್ ಸಾರ್, ಗಾಯಕ್ಕೆ ಉಪ್ಪು ಸವರೋಕೆ ಕರೆಸಿ ಕೂರಿಸಿದ್ರಾ? ಹುಡುಕಬೇಕಾದೋರು ಇಪ್ಪತ್ತಾರು ದಿನ ನಿದ್ದೆ ಮಾಡಿದ್ರಲ್ಲ, ಅವರು ನಾಶ ಮಾಡ್ಲಿಲ್ವಾ?”

“ತಪ್ಪಾಯ್ತು ಮೇಡಂ, ನಾನು ಹಾಗೆ ಹೇಳಬಾರದಿತ್ತು” ಅಂದರು ಅವರು, ನಿಜವಾಗಿ ನೊಂದುಕೊಂಡು.

ಅಕ್ಕ ಮಾತ್ರ ಶಾಂತವಾಗಿ ಕೇಳಿದಳು: “ಅದು ಕೇಸ್ ಆಗೋವಂಥ ತಪ್ಪಾ ಸಾರ್?”

“ಅಪರಾಧ ನಡೆದಿದೆ ಅಂತ ಗೊತ್ತಿದ್ದೂ, ಮುಚ್ಚಿಹಾಕೋಕೆ ಅಂತ ಮಾಡಿದ್ರೆ ಆಗುತ್ತೆ. ನಿಮಗೆ ಗೊತ್ತಿರ್ಲಿಲ್ವಲ್ಲ. ಹೆದರ್ಬೇಡಿ.”

“ಹೆದರಿಲ್ಲ ಸಾರ್. ಕೇಳ್ದೆ ಅಷ್ಟೆ.”

ದಾರಿಯುದ್ದಕ್ಕೂ ನಾನು ಬಾಯಿಗೆ ಬಂದಂತೆ ಬೈಯುತ್ತಾ ಬಂದೆ.

ಮಾರನೆಯ ಬೆಳಗ್ಗೆ ನಾನು ಮೇಜು ಒರೆಸುವ ಹೊತ್ತಿಗೇ ಬಂದು ಎದುರಿಗೆ ಕುಳಿತಳು. “ತಂಗೀ, ಒಂದು ಕಾಗದ ಬರಿ. ಇದೇ ಕೊನೇದು.”

“ಆಕ್ಷೇಪ ತಾನೆ? ನಿನ್ನೆಯೇ ಯೋಚನೆ ಮಾಡಿಟ್ಟಿದ್ದೀನಿ.”

“ಆಕ್ಷೇಪ ಅಲ್ಲ. ನನ್ನ ಹೇಳಿಕೆ. ಬರಿ: ಆ ಅಂಗಿ ನನ್ನ ಕೈಗೆ ಬಂದಾಗಲೇ ಆ ಕಲೆ ನನ್ನ ಮೊಮ್ಮಗಳ ಬಾಯಿಯ ಔಷಧ ಅಂತ ಗೊತ್ತಾಯ್ತು. ಅವನು ಏನೋ ಮಾಡಿದ್ದಾನೆ ಅಂತ ಗೊತ್ತಿದ್ದೂ ತೊಳೆದೆ.”

ನನಗೆ ತಲೆ ಚಿಟ್ಟು ಹಿಡಿಯಿತು. “ನಿನಗೇನು ಬುದ್ಧಿಗಿದ್ಧಿ ಕೆಟ್ಟಿದ್ಯಾ ಅಕ್ಕ? ನಿನ್ನ ತಲೆ ಮೇಲೆ ನೀನೇ ಕಲ್ಲು ಎತ್ತಿಹಾಕ್ಕೋತೀಯಾ?”

“ಬರೀತೀಯೋ ಇಲ್ವೋ?”

“ಬರೆಯಲ್ಲ. ಹಸಿ ಸುಳ್ಳು ಇದು. ಇಪ್ಪತ್ತೆರಡು ವರ್ಷದಲ್ಲಿ ಸುಳ್ಳು ಅಂತ ಗೊತ್ತಿದ್ದೂ ಒಂದು ಸಾಲು ಬರೆದಿಲ್ಲ ನಾನು.”

“ಐದು ವರ್ಷ ನಿಜ ಬರೆದ್ಯಲ್ಲ ತಂಗಿ. ಯಾರು ತಗೊಂಡ್ರು?” ಅವಳ ದನಿ ಏರಲಿಲ್ಲ. “ನಿಜ ಹೇಳಿದ್ರೆ ಅವನ ಮೇಲೆ ಹಾಕೋಕೆ ಏನೂ ಇಲ್ಲ ಅಂತಾರೆ. ಸರಿ, ನನ್ನ ಮೇಲೆ ಹಾಕ್ಲಿ. ಅಪರಾಧ ಮುಚ್ಚಿಹಾಕಿದ್ಲು ಅಂತ ನನ್ನ ಮೇಲೆ ಬರೀಬೇಕಾದ್ರೆ, ಯಾವ ಅಪರಾಧ ಅಂತ ಬರೀಬೇಕಲ್ಲ? ಯಾರ ಅಪರಾಧ ಅಂತಾನೂ ಬರೀಬೇಕಲ್ಲ? ನೀನೇ ಹೇಳು, ಈ ಕಾಗದಗಳ ವಿಷಯ ನಿನಗೆ ಗೊತ್ತು.”

ಇಷ್ಟು ವರ್ಷ ಕಾನೂನಿನ ಮಗ್ಗುಲಲ್ಲೇ ಕುಳಿತ ನನಗೆ, ಕಪ್ಪುಕೋಟಿನ ಅಷ್ಟು ಜನಕ್ಕೆ ಹೊಳೆಯದ್ದು ಅವಳಿಗೆ ಹೊಳೆದಿತ್ತು.

“ಜೈಲಿಗೆ ಹಾಕ್ತಾರೆ ಅಕ್ಕ.”

“ಅಲ್ಲೂ ಬಟ್ಟೆ ಒಗೆಯೋರು ಬೇಕಾಗಿರುತ್ತೆ.”

“ತಮಾಷೆ ಮಾಡ್ಬೇಡ! ಮಗಳಿಗೆ ಹೇಳಿದ್ಯಾ?”

“ಹೇಳ್ದೆ. ಬಹಳ ಹೊತ್ತು ಅತ್ಲು. ಆಮೇಲೆ ಐದು ವರ್ಷ ಆದಮೇಲೆ ನನ್ನ ತಟ್ಟೆಗೆ ಅವಳೇ ಅನ್ನ ಬಡಿಸಿದ್ಲು.”

ನಾನು ಹಾಳೆ ಸೇರಿಸಿದೆ. ಅವಳು ಹೇಳಿದಂತೆ ನಾಲ್ಕು ಸಾಲು ಒತ್ತಿ ನಿಲ್ಲಿಸಿದೆ. “ಯಾಕೆ ತೊಳೆದೆ ಅಂತ ಕೇಳೇ ಕೇಳ್ತಾರೆ. ಸ್ವಂತ ಮೊಮ್ಮಗಳದ್ದು ಅಂತ ಗೊತ್ತಿದ್ದೂ ತೊಳೆಯೋ ಅಜ್ಜಿ ಯಾರಿದ್ದಾಳೆ? ಯಾರೂ ನಂಬಲ್ಲ. ಕಾರಣ ಬೇಕು.”

ಅವಳು ರಸ್ತೆಯ ಕಡೆ ನೋಡಿದಳು. ಕಾರಣವನ್ನು ಯೋಚಿಸಿಯೇ ಬಂದಿದ್ದಳು. ಆದರೆ ಬಾಯಿಂದ ಹೊರಡಿಸಲು ಹೊತ್ತು ಹಿಡಿಯಿತು.

“ಹಳೇ ಗಿರಾಕಿ. ಕಳ್ಕೋಬಾರ್ದು ಅಂತ ತೊಳೆದೆ. ಹಾಗಂತ ಬರಿ.”

“ಅಕ್ಕಾ!”

“ಬರಿ ತಂಗಿ. ನೋಡ್ಬೇಡ ನನ್ನ ಮುಖ. ಬರಿ.”

ಬರೆದೆ. ಅವಳು ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ, ಮೂರೂ ಪ್ರತಿಗೆ ಸಹಿ ಹಾಕಿದಳು. ಅಂಚು ಬಿಟ್ಟಿದ್ದೆ ಈ ಸಲ.

ಸರ್ಕಾರಿ ವಕೀಲರು ಅದನ್ನು ನಿಂತುಕೊಂಡೇ ಓದಲು ಶುರು ಮಾಡಿದವರು ಕುಳಿತರು. ಮತ್ತೆ ಮೊದಲಿಂದ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿದರು.

“ಮೇಡಂ, ಇದು ನಿಜವಾ?”

ನಿಜ ಹೇಳಿದರೆ ಆ ಹಾಳೆ ಅಲ್ಲೇ ಹರಿಯುತ್ತಿತ್ತು, ಮೂವತ್ತು ದಿನ ಮುಗಿಯುತ್ತಿತ್ತು, ಬಿಳಿ ಅಂಗಿ ಸ್ಕೂಟರಿನ ಮೇಲೆ ಓಡಾಡಿಕೊಂಡಿರುತ್ತಿತ್ತು. “ಅವರು ಹೇಳಿದ್ದನ್ನ ನಾನು ಟೈಪ್ ಮಾಡಿದ್ದೀನಿ ಸಾರ್. ನನ್ನ ಕೆಲಸ ಅಷ್ಟೇ” ಅಂದೆ.

ಅವರು ಅಕ್ಕನನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತು. ಆಗದೆ ಇರಲು ಅವರು ದಡ್ಡರಲ್ಲ.

“ಅಮ್ಮಾ, ಇದು ಕೋರ್ಟಲ್ಲಿ ನಿಲ್ಲುತ್ತೆ ಅಂತ ನಾನು ಮಾತು ಕೊಡಲ್ಲ. ಅವನ ವಕೀಲರು ನಿಮ್ಮನ್ನ ಹರಿದು ಹಾಕ್ತಾರೆ. ನೀವು ಇದನ್ನ ವಾಪಸ್ ತಗೊಂಡು ಮನೆಗೆ ಹೋಗ್ಬಹುದು. ನಾನು ನೋಡಿಯೇ ಇಲ್ಲ ಅಂದ್ಕೋತೀನಿ.”

“ತಗೊಳ್ಳಲ್ಲ ಸಾರ್.”

“ಇದನ್ನ ನಾನು ತಗೊಂಡ್ರೆ ಫೈಲು ಮುಚ್ಚೋಕೆ ಆಗಲ್ಲ, ನಿಜ. ಠಾಣೆಗೆ ಮರುತನಿಖೆಗೆ ಬರೀಬೇಕು. ಆ ಹೊಂಡಗಳನ್ನೂ ಖಾಲಿ ಮಾಡಿಸ್ಬೇಕು. ಆದ್ರೆ ಇವತ್ತು ಸಂಜೆಯೊಳಗೆ ಪೊಲೀಸ್ನವರು ಮೊದಲು ಬರೋದು ನಿಮ್ಮ ಮನೆಗೆ.”

“ಬರ್ಲಿ. ಐದು ವರ್ಷದಿಂದ ಬನ್ನಿ ಬನ್ನಿ ಅಂತಾನೇ ಕರೀತಾ ಇದ್ದೀನಲ್ಲ.”

ಅವರು ಒಂದು ಬಿಳಿ ಹಾಳೆ ಎಳೆದುಕೊಂಡು, ಮೇಲೆ ಪ್ರಕರಣದ ನಂಬರು ಬರೆದು, ಕೆಳಗೆ ‘ಆರೋಪಿಗಳು’ ಎಂದು ಬರೆದು ಗೆರೆ ಎಳೆದರು. ಒಂದು ಎಂದು ಹಾಕಿ ಅಕ್ಕನ ಹೆಸರು ಬರೆದರು. ಕೈ ನಿಲ್ಲಿಸಿ, “ಈಗ್ಲೂ ಬೇಡ ಅಂದ್ರೆ ಈ ಹಾಳೆ ಹರಿದುಬಿಡ್ತೀನಿ ಅಮ್ಮ, ಇನ್ನೊಂದು ಸಲ ಯೋಚನೆ ಮಾಡಿ” ಅಂದರು.

“ಎರಡು ಹಾಕಿ ಸಾರ್” ಅಂದಳು ಅಕ್ಕ.

ಅವರು ಎರಡು ಎಂದು ಹಾಕಿದರು. ಅಕ್ಕ ಎದ್ದು ನಿಂತು ಮಹಡಿಯವನ ಹೆಸರು ಹೇಳಿದಳು. ಅವನ ಅಪ್ಪನ ಹೆಸರು, ಈಗಿನ ಮನೆಯ ನಂಬರು, ಬೀದಿ, ಎಲ್ಲವನ್ನೂ ಅವರ ಪೆನ್ನಿನ ವೇಗಕ್ಕೆ ತಕ್ಕಂತೆ ಬಿಡಿಸಿ ಬಿಡಿಸಿ ಹೇಳಿದಳು. ಬರೆದಾದ ಮೇಲೆ ಮೇಜಿನ ಮೇಲೆ ಬಗ್ಗಿ, ಮೇಲಿದ್ದ ತನ್ನ ಹೆಸರನ್ನು ದಾಟಿ, ಆ ಎರಡನೆಯ ಸಾಲಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಿದಳು.

“ಸರಿಯಾಗಿದೆ ಸಾರ್” ಅಂದಳು.